ತೊಡೆಯ ಪಾಲು

ಆ ದಿನ ಬೆಳಿಗ್ಗೆಯೂ ನಾನು ಚಾಕು ಮಸೆದೆ. ಮಸೆದು ನಮ್ಮವರ ಅಂಗೈ ಮೇಲೆ ಅಡ್ಡ ಇಟ್ಟೆ. ಅವರ ಬೆರಳು ಮಡಚುತ್ತಿರಲಿಲ್ಲ. ಚಾಕು ಅಂಗೈ ಮೇಲೆ ಸುಮ್ಮನೆ ಬಿದ್ದುಕೊಂಡಿತ್ತು. ಅವರು ತೋಳನ್ನೇ ಎತ್ತಿ ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು.

"ತುದಿ ಮಸೆದಿಲ್ಲ."

"ಮಸೆದಿದೀನಿ."

"ಅಲಗಿನ ಹೊಟ್ಟೆ ಮಸೆದಿದೀಯ, ತುದಿ ಮರೆತಿದೀಯ. ಕೀಲಿನ ಒಳಗೆ ಹೋಗೋದು ತುದಿ ಕಣೇ."

"ಈಗ ಯಾವ ಕುರಿ ಕೀಲು ಬಿಡಿಸೋಕೆ ಹೊರಟಿದೀರಿ ನೀವು?"

ಅವರು ಅಂಗೈ ಚಾಚಿಕೊಂಡೇ ಕೂತರು. ನಾನು ಚಾಕು ತೆಗೆದುಕೊಂಡು ತುದಿಯನ್ನು ಮತ್ತೆ ಮಸೆದೆ.

ಹಿಮ ಕರಗುವ ಕಾಲ. ಅಂಗಳವೆಲ್ಲ ಕೆಸರು. ಪಕ್ಕದ ಮನೆಯ ಶಾರ್ಶೆನ್ ಕುದುರೆ ಕೊಯ್ದು ಒಂದು ತುಂಡು ಕಳಿಸಿದ್ದ. ಬೇಯಿಸಿ ಹಲಗೆ ಮೇಲೆ ಇಟ್ಟುಕೊಂಡು ಕೊಯ್ಯುತ್ತಿದ್ದೆ. ಅವರು ಮಡಚಿಟ್ಟ ಹಾಸಿಗೆಗೆ ಒರಗಿ ನೋಡುತ್ತಿದ್ದರು. ಈಚೆಗೆ ಅವರಿಗೆ ಅದೊಂದೇ ಕೆಲಸ, ನಾನು ಮಾಡುವುದನ್ನು ನೋಡುವುದು.

"ಎಳೆ ನೋಡು ಮುದುಕಿ. ಎಳೆ ಯಾವ ಕಡೆ ಓಡುತ್ತೆ ನೋಡಿ ಅದಕ್ಕೆ ಅಡ್ಡ ಕೊಯ್ಯಿ. ಉದ್ದಕ್ಕೆ ಕೊಯ್ದರೆ ತಿನ್ನೋನ ಬಾಯಿಗೆ ಹಗ್ಗ ತುರುಕಿದ ಹಾಗಾಗುತ್ತೆ."

"ನಿಮಗೆ ಅರೆದು ಹಾಕೋದು ತಾನೆ. ಉದ್ದ ಆದರೇನು ಅಡ್ಡ ಆದರೇನು?"

"ಅರೆಯೋದಾದರೂ ಮೊದಲು ಅಡ್ಡ ಕೊಯ್ಯಿ."

"ಕೈ ಹೋಯ್ತು, ಕಾಲು ಹೋಯ್ತು. ಬಾಯಿ ಒಂದು ಹೋಗಲಿಲ್ಲ ನೋಡಿ."

ಅವರು ನಕ್ಕರು. ನಕ್ಕಿದ್ದಕ್ಕೆ ಕೆಮ್ಮು ಹತ್ತಿತು. ಕೆಮ್ಮು ನಿಲ್ಲಲಿ ಅಂತ ಚಹಾ ಕುಡಿಸಿದೆ. ಅದೂ ಅಡ್ಡದಾರಿ ಹಿಡಿಯಿತು. ಮಾರನೆ ದಿನ ಜ್ವರ. ನಾಲ್ಕನೇ ದಿನ ಹೋದರು. ನುಂಗಿದ್ದು ಶ್ವಾಸಕೋಶಕ್ಕೆ ಇಳಿದಿದೆ, ಗಂಟಲೂ ಮಾಂಸವೇ ತಾನೆ, ಅದೂ ಸೋತಿತ್ತು ಅಂತ ಡಾಕ್ಟರು ಹೇಳಿದರು.

ಬಾಯಿ ಒಂದು ಹೋಗಲಿಲ್ಲ. ಅವರು ಕೇಳಿಸಿಕೊಂಡ ನನ್ನ ಕೊನೆಯ ಮಾತು ಇದು. ಜ್ವರ ಏರಿದ ಮೇಲೆ ಆಡಿದ್ದು ಅವರಿಗೆ ಮುಟ್ಟಿತೋ ಇಲ್ಲವೋ ಗೊತ್ತಿಲ್ಲ.

ಅವರ ಹೆಸರು ಸಾತರ್‌ಕುಲ್. ಬಾಯಲ್ಲಿ ಹೇಳುವುದಿಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲ. ನಮ್ಮ ಅತ್ಬಾಶಿ ಕಣಿವೆಯಲ್ಲಿ ಮದುವೆಯಾಗಲಿ ಸಾವಾಗಲಿ, ಮಾಂಸ ಪಾಲು ಮಾಡಲು ಅವರನ್ನೇ ಕರೆಯುತ್ತಿದ್ದರು. ಬೇರೆ ದಿನಗಳಲ್ಲಿ ಎಲ್ಲರ ಹಾಗೆ ಕುರಿ ಕಾಯುತ್ತಿದ್ದರು. ಕುರಿ ಕಾಯುವವರು ನಮ್ಮಲ್ಲಿ ಎಷ್ಟು ಜನ ಬೇಕಾದರೂ ಇದ್ದಾರೆ. ಪಾಲು ಮಾಡಬಲ್ಲವರು ಕಡಿಮೆ.

ಒಂದು ಕುರಿಗೆ ಹನ್ನೆರಡು ಪಾಲು. ಕೊಡಲಿ ಮುಟ್ಟಬಾರದು, ಎಲುಬು ಮುರಿಯಬಾರದು. ಚಾಕುವಿನ ತುದಿಯಿಂದ ಕೀಲು ಹುಡುಕಿ ಬಿಡಿಸಬೇಕು. ಪೃಷ್ಠದ ಎಲುಬು ಎಲ್ಲರಿಗಿಂತ ಹಿರಿಯನಿಗೆ. ತೊಡೆ ಅವನ ನಂತರದವನಿಗೆ. ಹೀಗೆ ಇಳಿದು ಇಳಿದು ಸೊಸೆಯವರೆಗೆ. ಒಂದು ಪಾಲು ತಪ್ಪಿ ಬೇರೆ ತಟ್ಟೆಗೆ ಹೋದರೆ ಎರಡು ಮನೆಗಳ ನಡುವೆ ಹತ್ತು ವರ್ಷ ಮಾತು ನಿಲ್ಲುತ್ತದೆ. ಕೊಟ್ಟ ಪಾಲನ್ನು ಬೇಡ ಅನ್ನುವಂತಿಲ್ಲ. ಕೊಟ್ಟವನು ವಾಪಸ್ ಕೇಳುವಂತಿಲ್ಲ. ನಲವತ್ತು ವರ್ಷ ಅವರ ಕೈಯಲ್ಲಿ ಒಂದು ಪಾಲೂ ತಪ್ಪಲಿಲ್ಲ. ಬೆರಳು ಒತ್ತಿದರೆ ಸಾಕು, ಒಂದು ಕಟ್ಟು ಮಾಂಸ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಅಂತ ಗೊತ್ತಾಗುತ್ತಿತ್ತು. "ಮಾಂಸ ಅಂದರೆ ಮುದ್ದೆಯಲ್ಲ ಕಣೇ, ಹುಲ್ಲಿನ ಹೊರೆ. ಹೊರೆ ಒಳಗೆ ಸಿವುಡು, ಸಿವುಡಿನ ಒಳಗೆ ಕಡ್ಡಿ. ಪ್ರತಿಯೊಂದಕ್ಕೂ ತೆಳ್ಳಗೆ ಒಂದು ಪೊರೆ," ಅನ್ನುತ್ತಿದ್ದರು. ನಾನು ಒಲೆ ಊದುತ್ತಾ ಹೂಂ ಅನ್ನುತ್ತಿದ್ದೆ.

ಆರು ವರ್ಷದ ಹಿಂದೆ ಶುರುವಾಯಿತು. ಮೊದಲು ಅಂಗಿಯ ಗುಂಡಿ. ಆಮೇಲೆ ಕುದುರೆಯ ಜೀನು ಪಟ್ಟಿ ಬಿಗಿಯಲು ಆಗಲಿಲ್ಲ. ಇಳಿಜಾರಿನಲ್ಲಿ ನಡೆಯುತ್ತಾ ಇದ್ದಕ್ಕಿದ್ದ ಹಾಗೆ ಮಂಡಿ ಮಡಚಿ ಕೂತುಬಿಡುತ್ತಿದ್ದರು. ಚಹಾದ ಬಟ್ಟಲು ಒಡೆದವು, ಒಂದು ಚಳಿಗಾಲದಲ್ಲಿ ಐದು. ಸೋಮಾರಿ ಅಂದೆ. ಕುಡಿದಿದೀರಾ ಅಂತ ಕೇಳಿದೆ. ಕೇಳಿದ್ದು ಒಂದು ಸಲ ಅಲ್ಲ.

ನಮ್ಮವರಿಗೆ ಒಬ್ಬಳು ಅಕ್ಕ ಇದ್ದಾಳೆ. ಅವಳ ಹೆಸರನ್ನೂ ನಾನು ಹೇಳುವಂತಿಲ್ಲ, ದೊಡ್ಡಕ್ಕ ಅನ್ನುತ್ತೇನೆ. ಅವಳ ಮಗನ ಮದುವೆಯಲ್ಲಿ ಎಲ್ಲರೆದುರು ಬಯಲಾಯಿತು. ಬೀಗರು ಕೂತಿದ್ದರು. ಇವರು ಸೊಂಟದ ಕೀಲಿಗೆ ಚಾಕು ಇಟ್ಟರು. ಕೀಲು ಸಿಕ್ಕಿತು, ಬೆರಳು ಚಾಕುವನ್ನು ಹಿಡಿಯಲಿಲ್ಲ. ಎರಡು ಸಲ ಜಾರಿತು. ಮೂರನೇ ಸಲ ಅವರು ಸುತ್ತ ನೋಡಿ, ಸೌದೆ ಹತ್ತಿರ ಇದ್ದ ಕೊಡಲಿ ತೆಗೆದುಕೊಂಡರು. ಎರಡು ಕೈಯ ಅಂಗೈಗಳ ನಡುವೆ ಅದನ್ನು ಒತ್ತಿ ಹಿಡಿದು ಹೊಡೆದರು. ಎಲುಬು ಸೀಳಿತು.

"ಯಾರ ಮನೆ ಎಲುಬು ಮುರಿದೆ ನೀನು?" ಅಂದಳು ದೊಡ್ಡಕ್ಕ.

"ಕೈ ಜಾರಿತು ಅಕ್ಕ."

"ಕೊಡಲಿ ತಗೊಳೋಕೆ ಕೈ ಜಾರಲಿಲ್ಲ?"

ವರ್ಷ ತುಂಬುವ ಮೊದಲು ಸೊಸೆ ತವರಿಗೆ ಹೋದಳು, ಮತ್ತೆ ಬರಲಿಲ್ಲ. ಆ ಎಲುಬೇ ಕಾರಣ ಅಂತ ದೊಡ್ಡಕ್ಕ ಇಂದಿಗೂ ಹೇಳುತ್ತಾಳೆ. ಮಗ ಕುಡಿದು ಬಂದು ಹೊಡೆಯುತ್ತಿದ್ದ ಅನ್ನುವುದನ್ನು ಹೇಳುವುದಿಲ್ಲ. ನಮ್ಮವರನ್ನು ಆಮೇಲೆ ಯಾರೂ ಪಾಲು ಮಾಡಲು ಕರೆಯಲಿಲ್ಲ.

ಆದರೂ ತಮ್ಮ ಅಂದರೆ ಅವಳಿಗೆ ಜೀವ. ಅದಕ್ಕೇ ನನ್ನ ಜೀವ ತಿನ್ನುತ್ತಿದ್ದಳು.

"ನಿನ್ನ ಕೈ ಊಟ ಅವನ ಮೈಗೆ ಹತ್ತುತ್ತಾ ಇಲ್ಲ. ತೊಡೆ ನೋಡು, ಕಡ್ಡಿ ಆಗಿದೆ. ಏನು ಹಾಕ್ತಾ ಇದೀಯ?"

"ಎಲ್ಲರೂ ತಿನ್ನೋದನ್ನೇ ಹಾಕ್ತೀನಿ ದೊಡ್ಡಕ್ಕ."

"ಮಾಂಸ ಕರಗಿದೋನಿಗೆ ಮಾಂಸ ಹಾಕಬೇಕು. ಕುದುರೆ ಕೊಬ್ಬು ಹಾಕು. ಕರಿ ಕುರಿ ಕೊಯ್ದು ಬಿಸಿ ಚರ್ಮದಲ್ಲಿ ಸುತ್ತು."

ಸುತ್ತಿದೆ. ನಾಲ್ಕು ಕರಿ ಕುರಿ ಕೊಯ್ದೆವು. ಸುಲಿದ ಚರ್ಮ ಆರುವ ಮೊದಲು ಅವರನ್ನು ಬೆತ್ತಲೆ ಮಾಡಿ ಅದರಲ್ಲಿ ಸುತ್ತಿ, ಮೇಲೆ ಕಂಬಳಿ ಹೊದಿಸಿ, ಬೆವರುವವರೆಗೆ ಮಲಗಿಸಿದೆ. ನೆಗಡಿಗೆ, ಭಯಕ್ಕೆ, ಮೈ ನೋವಿಗೆ ನಾವು ಹಾಗೇ ಮಾಡುವುದು. ಅವರು ಚರ್ಮದ ಒಳಗಿಂದ "ಕುರಿಗಳಿಗೆ ನನ್ನ ಮೇಲೆ ಸೇಡು ಇತ್ತು, ತೀರಿಸ್ಕೊಳ್ತಾ ಇವೆ" ಅಂದರು. ನಾನು ನಗಲಿಲ್ಲ. ನಾಲ್ಕನೇ ಕುರಿ ಆದಮೇಲೂ ಅವರಿಗೆ ಎದ್ದು ನಿಲ್ಲಲು ನನ್ನ ಭುಜ ಬೇಕಾಯಿತು. ನನಗೆ ಅವರ ಮೇಲೇ ಸಿಟ್ಟು ಬಂತು. ಇಷ್ಟು ಮಾಡಿದರೂ ವಾಸಿಯಾಗದೆ ಹಟ ಮಾಡುತ್ತಿದ್ದಾರೆ ಅನ್ನುವ ಹಾಗೆ.

ನಾರಿನ್ ಪಟ್ಟಣದ ಆಸ್ಪತ್ರೆಯಲ್ಲಿ ಬೆನ್ನುಹುರಿ ಅಂದರು, ಇಂಜೆಕ್ಷನ್ ಕೊಟ್ಟರು. ಎರಡು ವರ್ಷ ಅದರಲ್ಲೇ ಹೋಯಿತು. ಕೊನೆಗೆ ರಾಜಧಾನಿ ಬಿಷ್ಕೆಕ್‌ಗೆ ಕಳಿಸಿದರು. ಅಲ್ಲಿ ವೈದ್ಯರ ಕಾಲೇಜಿನ ದೊಡ್ಡ ಆಸ್ಪತ್ರೆ. ತೊಡೆಯಿಂದ ಹುರುಳಿಕಾಳಿನಷ್ಟು ಮಾಂಸ ತೆಗೆದು, ಎರಡು ವಾರ ಬಿಟ್ಟು ಬನ್ನಿ ಅಂದರು. ಹೋದೆವು. ಡಾಕ್ಟರು ಉದ್ದದ ಒಂದು ಹೆಸರು ಹೇಳಿ, ಇದಕ್ಕೆ ಔಷಧಿ ಇಲ್ಲ, ಬಿದ್ದು ಎಲುಬು ಮುರ್ಕೋಬೇಡಿ ಅಂದರು. ಎಲುಬಿನ ಮಾತು ಕೇಳಿ ನಮ್ಮವರು ತಲೆ ತಗ್ಗಿಸಿದರು.

ಆಮೇಲೆ ಅವರು ಡಾಕ್ಟರನ್ನು ಏನೋ ಕೇಳಿದರು. ಡಾಕ್ಟರು ಮೆಟ್ಟಿಲು ತೋರಿಸಿದರು. "ನೀನು ಇಲ್ಲೇ ಕೂತಿರು ಮುದುಕಿ," ಅಂದು ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿಹೋದರು. ನಾನು ಬೆಂಚಿನ ಮೇಲೆ ಕೂತೆ. ಒಂದು ಗಂಟೆ. ನಮ್ಮ ಊರಿನ ಗಾಡಿ ಹೊರಡುವ ಹೊತ್ತಾಯಿತು. ಇನ್ನೂ ಅರ್ಧ ಗಂಟೆ. ಇಳಿದು ಬಂದಾಗ ಮುಖದಲ್ಲಿ ಏನೋ ಒಂದು ಬೆಳಕು ಇತ್ತು.

"ಗಾಡಿ ಹೋಯ್ತು. ಏನು ಮಾಡ್ತಾ ಇದ್ದಿರಿ ಅಲ್ಲಿ?"

"ಮೇಲೆ ಒಬ್ಬಳಿದಾಳೆ. ಒಳ್ಳೆ ಕೈ," ಅಂದರು.

ಅಷ್ಟೇ. ಮತ್ತೊಂದು ಮಾತು ಹೇಳಲಿಲ್ಲ. ಮೂರು ವರ್ಷ ಹೇಳಲಿಲ್ಲ.

ಸತ್ತ ದಿನ ಅವರ ಮೈ ತೊಳೆದವರಲ್ಲಿ ದೊಡ್ಡಕ್ಕನ ಗಂಡನೂ ಇದ್ದ. ತೊಡೆಯ ಮೇಲೆ ಕೊಯ್ದ ಗೆರೆ ನೋಡಿ ಮನೆಗೆ ಹೋಗಿ ಹೇಳಿದ. ಮಣ್ಣು ಮಾಡಿ ಬಂದಮೇಲೆ, ಹೆಂಗಸರೆಲ್ಲ ಹಾಡಿ ಅಳುತ್ತಿದ್ದರು. ನನಗೆ ಹಾಡಿ ಅಳಲು ಬರುವುದಿಲ್ಲ. ನನ್ನ ಪಾಲಿನದನ್ನೂ ದೊಡ್ಡಕ್ಕನೇ ಅತ್ತಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ನನ್ನ ಕಡೆ ತಿರುಗಿದಳು.

"ತೊಡೆ ಮಾಂಸ ಎಲ್ಲಿ?"

"ಬಿಷ್ಕೆಕ್‌ನಲ್ಲಿ. ಪರೀಕ್ಷೆಗೆ ತೆಗೆದಿದ್ದು."

"ಪರೀಕ್ಷೆ ಆಯ್ತಲ್ಲ. ಮಾಂಸ ಎಲ್ಲಿ?"

"ಅವರ ಹತ್ತಿರಾನೇ ಇರಬೇಕು."

"ಜೀವಮಾನವೆಲ್ಲ ಪಾಲು ಎಣಿಸಿದೋನು. ಅವನನ್ನೇ ಒಂದು ಪಾಲು ಕಡಿಮೆ ಮಾಡಿ ಮಣ್ಣಿಗೆ ಇಟ್ಟೆಯಲ್ಲ. ನಲವತ್ತನೇ ದಿನದ ಒಳಗೆ ತಂದು ಅವನ ಹತ್ತಿರ ಹೂಳು. ಇಲ್ಲದಿದ್ದರೆ ಈ ಮನೆ ಹೊಸ್ತಿಲು ನಾನು ತುಳಿಯೋದಿಲ್ಲ."

ಅವಳು ಹೊಸ್ತಿಲು ತುಳಿಯದಿದ್ದರೆ ನನಗೇನೂ ನಷ್ಟವಿಲ್ಲ. ಆದರೆ ಮಾತು ನಾಟಿತು. ಚರ್ಮ ಸುಲಿಯುವಾಗ ಕೂಡ ಒಂದು ಚೂರು ಮಾಂಸ ಚರ್ಮಕ್ಕೆ ಹತ್ತಿಕೊಂಡು ಹೋಗದ ಹಾಗೆ ನೋಡಿಕೊಳ್ಳುತ್ತಿದ್ದ ಮನುಷ್ಯ. ಅಂಥವರನ್ನು ಪೂರ್ತಿ ಮಾಡಿ ಕಳಿಸಬೇಕಾದವಳು ನಾನು. ಬೇರೆ ಏನನ್ನೂ ಸರಿ ಮಾಡಲು ಆಗಲಿಲ್ಲ. ಇದೊಂದನ್ನಾದರೂ ಮಾಡಬೇಕು ಅನ್ನಿಸಿತು.

ಗಂಡ ಸತ್ತವಳು ನಲವತ್ತು ದಿನ ಮನೆಯಲ್ಲಿ ಕೂರಬೇಕು. ದೊಡ್ಡಕ್ಕನೇ ನನ್ನನ್ನು ಎಬ್ಬಿಸಿ ಕಳಿಸಿದಳು. ಕಪ್ಪು ಬಟ್ಟೆಯಲ್ಲೇ ಗಾಡಿ ಹತ್ತಿದೆ. ದೊಲೋನ್ ಘಾಟಿಯ ಮೇಲೆ ಇನ್ನೂ ಹಿಮ. ಏಳು ಗಂಟೆ ದಾರಿ. ಆಸ್ಪತ್ರೆಯ ಕಿಟಕಿಯಲ್ಲಿ ಕೂತ ಹುಡುಗಿ ಉಪನಾಮ ಕೇಳಿದಳು. ಉಪನಾಮ ಅಂದರೆ ನನ್ನ ಮಾವನ ಹೆಸರು. ಮೂವತ್ತಾರು ವರ್ಷದಲ್ಲಿ ಒಂದು ಸಲವೂ ಅದು ನನ್ನ ಬಾಯಿಂದ ಬಂದಿಲ್ಲ. ಅವರ ಪಾಸ್‌ಪೋರ್ಟನ್ನು ಒಳಗೆ ತಳ್ಳಿದೆ.

"ಬಾಯಿ ಇಲ್ವಾ?" ಅಂದಳು.

"ಇದೆ. ಮಾವನ ಹೆಸರು ಹೇಳೋಕೆ ಇಲ್ಲ."

ಅವಳು ನಕ್ಕಳೋ ಏನೋ, ಗಾಜಿನ ಆಚೆ ಕಾಣಲಿಲ್ಲ. ಸಾವಿನ ಪ್ರಮಾಣಪತ್ರ ಬೇಕು ಅಂದಳು. ಊರಿಗೆ ಹೋಗಿ ತಂದೆ. ಎರಡನೇ ಸಲ, ನೀವೇ ಹೆಂಡತಿ ಅನ್ನುವುದಕ್ಕೆ ಕಾಗದ ಎಲ್ಲಿ ಅಂದಳು. ಮದುವೆಯ ಕಾಗದ ಪೆಟ್ಟಿಗೆಯ ತಳದಲ್ಲಿತ್ತು, ಇಲಿ ಒಂದು ಮೂಲೆ ತಿಂದಿತ್ತು. ಅದನ್ನು ತೆಗೆದುಕೊಂಡು ಮೂರನೇ ಸಲ ಹೋದೆ. ಅವತ್ತಿಗೆ ಮೂವತ್ಮೂರನೇ ದಿನ. ಹುಡುಗಿ ಇಲಿ ತಿಂದ ಮೂಲೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅದೇ ಮೆಟ್ಟಿಲು ತೋರಿಸಿದಳು.

ಮೇಲಿನ ಕೋಣೆಯಲ್ಲಿ ಒಬ್ಬಳೇ ಹೆಂಗಸು ಇದ್ದಳು. ನೂರಿಪಾ ಅಂತ. ಐವತ್ತರ ಹತ್ತಿರ, ಬಿಳಿ ಕೋಟು, ಬೆರಳ ತುದಿಯೆಲ್ಲ ನೇರಳೆ ಬಣ್ಣ. ಯಂತ್ರವೊಂದರ ಮುಂದೆ ಕೂತು ಮೇಣದ ಗಟ್ಟಿಯನ್ನು ಕೊಯ್ಯುತ್ತಿದ್ದಳು. ಉಸಿರು ಬಿಟ್ಟರೆ ಹಾರಿಹೋಗುವಷ್ಟು ತೆಳ್ಳಗೆ. ಕಾಗದ ನೋಡಿ ಕೈ ನಿಲ್ಲಿಸಿದಳು.

"ಚಾಕು ಕೇಳಿದವರು," ಅಂದಳು.

"ಏನು?"

"ಮೂರು ವರ್ಷ ಆಯ್ತಲ್ಲ ಅಕ್ಕ. ಮಂಡಿ ಹಿಡ್ಕೊಂಡು ಹತ್ತಿ ಬಂದರು. ನನ್ನ ಮಾಂಸ ಕೊಯ್ದದ್ದು ಯಾರು, ಯಾವ ಚಾಕು, ತೋರಿಸಿ ಅಂದರು. ಬೈಯೋಕೆ ಬಂದಿದಾರೆ ಅಂದ್ಕೊಂಡೆ. ಅಲಗು ನೋಡಿ ಬೆರಗಾಗಿಬಿಟ್ಟರು. ಹೋಗಿಬಿಟ್ಟರಾ?"

"ಹೋದರು. ನಾನು ಮಾಂಸ ತಗೊಂಡು ಹೋಗೋಕೆ ಬಂದಿದೀನಿ."

ಅವಳು ಎದ್ದು ಡ್ರಾಯರು ಎಳೆದು ಹುಡುಕಿದಳು. ಬೆರಳಿನಷ್ಟು ಉದ್ದದ ಎರಡು ಗಾಜಿನ ಪಟ್ಟಿ, ಒಂದು ಸಣ್ಣ ಮೇಣದ ಗಟ್ಟಿ. ಮೇಣದ ನಡುವೆ ಕಂದು ಚುಕ್ಕೆ. ಅದು ನಮ್ಮವರು.

"ನೋಡ್ತೀರಾ?" ಅಂದಳು. "ಅವರೂ ನೋಡಿದರು."

ನೋಡುವುದಕ್ಕೆ ಬಂದವಳಲ್ಲ ನಾನು. ಆದರೆ ಅವರು ನೋಡಿದ್ದಾರೆ, ನನಗೆ ಹೇಳಿಲ್ಲ. ಆ ಸಿಟ್ಟಿಗೆ ಕೂತು ಸೂಕ್ಷ್ಮದರ್ಶಕಕ್ಕೆ ಕಣ್ಣು ಇಟ್ಟೆ. ಮೊದಲು ನನ್ನ ರೆಪ್ಪೆಯೇ ಕಂಡಿತು. ನೂರಿಪಾ ಏನೋ ತಿರುಗಿಸಿದಳು. ಗುಲಾಬಿ ಬಣ್ಣದ ಜೊಂಡು ಕಡ್ಡಿಗಳು ಕಂಡವು. ನಾವು ಗುಡಾರದ ಒಳಗೆ ಕಟ್ಟುವ ಜೊಂಡಿನ ಚಾಪೆ ಇದೆಯಲ್ಲ, ಹಾಗೆ ಒಂದರ ಪಕ್ಕ ಒಂದು ಒತ್ತಾಗಿ. ಪ್ರತಿ ಕಡ್ಡಿಗೂ ಉಣ್ಣೆ ದಾರ ಸುತ್ತಿದ ಹಾಗೆ ಅಡ್ಡ ಗೆರೆ. ಕಪ್ಪು, ಬಿಳಿ, ಕಪ್ಪು, ಬಿಳಿ. ಎಷ್ಟು ಸಣ್ಣ ಅಂದರೆ, ಅಂಥ ದಾರ ಸುತ್ತುವ ಹೆಂಗಸು ನಮ್ಮ ಕಣಿವೆಯಲ್ಲಿ ಇಲ್ಲ.

"ಒಂದೊಂದು ಕಡ್ಡಿಯೂ ಒಂದೇ ಜೀವಕೋಶ ಅಕ್ಕ. ಮೈಯಲ್ಲಿ ಬೇರೆ ಕೋಶಗಳೆಲ್ಲ ಕಣ್ಣಿಗೆ ಕಾಣದ ಚುಕ್ಕೆ, ಒಂದೊಂದರ ಒಳಗೆ ಒಂದು ಬೀಜ. ಇದು ಹಾಗಲ್ಲ. ತೊಡೆಯಲ್ಲಿ ಗೇಣುದ್ದದವು ಇರ್ತವೆ. ಅಂಚಿನಲ್ಲಿ ನೇರಳೆ ಚುಕ್ಕೆ ಸಾಲಾಗಿ ಕಾಣ್ತವಾ? ಅವೇ ಬೀಜಗಳು. ಒಂದು ಕಡ್ಡಿಗೆ ನೂರಾರು."

"ಒಂದಕ್ಕೆ ಅಷ್ಟು ಯಾಕೆ?"

"ತಾಯಿ ಹೊಟ್ಟೇಲಿ ಇರುವಾಗ ಸಣ್ಣ ಸಣ್ಣ ಕೋಶಗಳು ಸಾಲಾಗಿ ನಿಂತು, ನಡುವಿನ ಗೋಡೆ ಕರಗಿ ಒಂದಾಗಿಬಿಡ್ತವೆ. ಬೀಜ ಮಾತ್ರ ಉಳ್ಕೊಳ್ತವೆ."

"ಈ ಗೆರೆ?"

ಅವಳು ತನ್ನ ಎರಡೂ ಕೈಯ ಬೆರಳುಗಳನ್ನು ಎದುರುಬದುರು ಚಾಚಿ, ಒಂದರ ಸಂದಿಯಲ್ಲಿ ಒಂದನ್ನು ತೂರಿಸಿದಳು. "ಕಡ್ಡಿ ಒಳಗೆ ಇನ್ನೂ ಸಣ್ಣ ದಾರ, ಅದರ ಒಳಗೆ ಎರಡು ತರದ ನೂಲು. ಒಂದು ದಪ್ಪ, ಒಂದು ತೆಳು. ದಪ್ಪ ಇರೋ ಕಡೆ ಕಪ್ಪಗೆ ಕಾಣುತ್ತೆ, ಬರೀ ತೆಳು ಇರೋ ಕಡೆ ಬೆಳ್ಳಗೆ. ನೀವು ಮುಷ್ಟಿ ಹಿಡಿದರೆ ತೆಳು ನೂಲು ದಪ್ಪದ ಸಂದಿಗೆ ಹೀಗೆ ಜಾರುತ್ತೆ. ಯಾವುದೂ ಗಿಡ್ಡ ಆಗಲ್ಲ. ಜಾರ್ಕೊಂಡು ಒಳಗೆ ಬರುತ್ತೆ, ಅಷ್ಟೇ. ಲಕ್ಷಗಟ್ಟಲೆ ಕಡೆ ಒಟ್ಟಿಗೆ ಜಾರಿದರೆ ಮುಷ್ಟಿ ಬಿಗಿಯುತ್ತೆ."

ನಾನು ನನ್ನ ಕೈ ನೋಡಿಕೊಂಡೆ. ಮಡಚಿ ಬಿಚ್ಚಿದೆ.

"ಇದು ಚೆನ್ನಾಗೇ ಇದೆಯಲ್ಲ. ಮತ್ತೆ ಅವರಿಗೆ ಯಾಕೆ ಆಗಲಿಲ್ಲ?"

ಅವಳು ಗಾಜನ್ನು ಸ್ವಲ್ಪ ಸರಿಸಿದಳು. ಈಗ ಬೇರೆ ಜಾಗ. ಕಡ್ಡಿಗಳ ನಡುವೆ ಬಿರುಕು. ಕೆಲವು ದಪ್ಪ, ಕೆಲವು ನೂಲಿನ ಹಾಗೆ ಸೊರಗಿದವು. ಕಡ್ಡಿಗಳ ಒಳಗೇ ತೂತು. ಗೆರೆ ಅಳಿಸಿಹೋಗಿತ್ತು. ನುಸಿ ಹೊಡೆದ ಕಂಬಳಿಯನ್ನು ಬಿಸಿಲಿಗೆ ಹಿಡಿದ ಹಾಗೆ.

"ಈ ಬಿಳಿ ಗುಳ್ಳೆ ಏನು?"

"ಕೊಬ್ಬು. ಕಡ್ಡಿ ಸತ್ತ ಕಡೆ ಕೊಬ್ಬು ತುಂಬ್ಕೊಳುತ್ತೆ."

"ನಾನು ತಿನ್ನಿಸಿದ್ದಾ?"

"ಅಲ್ಲ ಅಕ್ಕ. ನೀವು ಏನು ತಿನ್ನಿಸಿದರೂ, ಏನೂ ತಿನ್ನಿಸದಿದ್ದರೂ ಹೀಗೇ ಆಗ್ತಿತ್ತು."

ನನಗೆ ಸಮಾಧಾನ ಆಗಲಿಲ್ಲ. ಮೈ ಉರಿಯಿತು. ಇದನ್ನು ಮೂರು ವರ್ಷದ ಹಿಂದೆ ನನಗೆ ತೋರಿಸಿದ್ದರೆ ಏನಾಗುತ್ತಿತ್ತು? ನಾಲ್ಕನೇ ಕುರಿಯನ್ನು ಕೊಯ್ದದ್ದು ಇಲ್ಲಿಂದ ಹೋದಮೇಲೆ. ಅವರು ಎಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಆ ಹಸಿ ಚರ್ಮದಲ್ಲಿ ಮಲಗಿದರು. ನಾನು ಸೋಮಾರಿ ಅಂದಾಗಲೂ ಸುಮ್ಮನಿದ್ದರು. ಇಷ್ಟು ತೂತಿನ ಕಾಲಿನಲ್ಲಿ ನೀರಿನ ಬಕೆಟ್ಟು ಎತ್ತಿ ಅಂತ ನಾನು ಕೂಗಿದ್ದೇನೆ.

"ಅವರು ಏನಂದರು ನೋಡಿ?"

"ಕುರಿಯಲ್ಲೂ ಹೀಗೇನಾ ಅಂದರು. ಹೌದು, ಕುರಿಯಲ್ಲೂ, ಕುದುರೆಯಲ್ಲೂ ಅಂದೆ. ನಕ್ಕರು. ಹೊರೆ ಗೊತ್ತಿತ್ತು, ಸಿವುಡು ಗೊತ್ತಿತ್ತು, ಕಡ್ಡಿ ಗೊತ್ತಿತ್ತು, ಈ ಗೆರೆ ಒಂದು ಗೊತ್ತಿರಲಿಲ್ಲ ನೋಡು ತಂಗಿ, ನಲವತ್ತು ವರ್ಷ ಕುರುಡು ಕೊಯ್ತ ಕೊಯ್ದೆ ಅಂದರು. ಆಮೇಲೆ ಇನ್ನೊಂದು ಗಾಜು ನೋಡಿ, ಇದು ಅಡ್ಡ ಕೊಯ್ದಿದೀಯ, ಅದು ಉದ್ದಕ್ಕೆ, ಎರಡೂ ಗೊತ್ತು ನಿನಗೆ ಅಂದರು."

ಒಳ್ಳೆ ಕೈ. ಮೂರು ವರ್ಷದ ಹಿಂದಿನ ಆ ಮಾತು ಈಗ ಅರ್ಥವಾಯಿತು.

ನೂರಿಪಾ ಒಂದು ರಸೀದಿ ಪುಸ್ತಕ ತಂದಿಟ್ಟಳು. "ಕಾಗದ ಸರಿ ಇದೆ. ಇಲ್ಲಿ ಸಹಿ ಹಾಕಿ, ಮೂರನ್ನೂ ತಗೊಂಡು ಹೋಗಬಹುದು. ನಾನು ತಡೆಯಲ್ಲ." ಪೆನ್ನು ಕೊಟ್ಟಳು. ಕೊಟ್ಟು, "ಒಂದು ಮಾತು ಮಾತ್ರ ಹೇಳಿಬಿಡ್ತೀನಿ ಅಕ್ಕ. ಹೇಳದೆ ಕೊಟ್ಟರೆ ತಪ್ಪಾಗುತ್ತೆ," ಅಂದಳು.

"ಹೇಳು."

"ಹೋಗುವಾಗ ಈ ಮೇಣದ ಗಟ್ಟಿಯನ್ನು ನನ್ನ ಕೈಗೆ ಇಟ್ಟರು. ಬೆರಳು ಬರ್ತಿರಲಿಲ್ಲ, ಎರಡು ಅಂಗೈ ಮಧ್ಯ ಹಿಡ್ಕೊಂಡು ಇಟ್ಟರು. ತೊಡೆ ಪಾಲು, ನಿನಗೆ ಕೊಟ್ಟಿದೀನಿ ಅಂದರು. ನಾನು, ಇದು ಹೇಗೂ ಇಲ್ಲೇ ಇರುತ್ತಲ್ಲ ಅಣ್ಣ ಅಂದೆ. ಇರೋದು ಬೇರೆ, ಕೊಡೋದು ಬೇರೆ, ತಗೋ ಅಂದರು. ತಮಾಷೆ ಮಾಡಿದರೋ ನಿಜವೋ ನನಗೆ ಗೊತ್ತಾಗಲಿಲ್ಲ. ನಾನು ತಗೊಂಡೆ."

"ಎರಡು ಕೈಯಲ್ಲಿ ತಗೊಂಡೆಯಾ?"

"ಎರಡು ಕೈಯಲ್ಲೇ."

ನಾನು ಪೆನ್ನು ಹಿಡಿದು ಕೂತೆ. ಆ ಮನುಷ್ಯ ಪಾಲಿನ ವಿಷಯದಲ್ಲಿ ಯಾವತ್ತೂ ತಮಾಷೆ ಮಾಡಿದವರಲ್ಲ. ದೊಡ್ಡಕ್ಕನ ಮನೆಯಲ್ಲಿ ಎಲುಬು ಮುರಿದಮೇಲೆ ಅವರ ಕೈಯಿಂದ ಯಾರೂ ಪಾಲು ಇಸಿದುಕೊಂಡಿರಲಿಲ್ಲ. ಕೊನೆಯದಾಗಿ ಕೊಟ್ಟ ಪಾಲು ಇದು. ಇಸಿದುಕೊಂಡವಳು ಇವಳು. ಅವಳ ತಟ್ಟೆಯಿಂದ ನಾನು ಎತ್ತಿಕೊಂಡು ಹೋಗಬೇಕು. ಎತ್ತಿಕೊಂಡು ಹೋದರೆ ನಮ್ಮವರ ಮೈ ಪೂರ್ತಿಯಾಗುತ್ತದೆ, ಅವರ ಮಾತು ಮುರಿಯುತ್ತದೆ. ಬಿಟ್ಟುಹೋದರೆ ಮಾತು ಉಳಿಯುತ್ತದೆ, ಮೈ ಕಡಿಮೆಯಾಗಿಯೇ ಮಣ್ಣಲ್ಲಿ ಇರುತ್ತದೆ. ಮೂರು ಸಲ ಆ ಘಾಟಿ ದಾಟಿ ಬಂದದ್ದು ಇದನ್ನು ಕೇಳುವುದಕ್ಕೆ.

"ನೀನು ಏನು ಮಾಡ್ತೀಯ ಇದನ್ನ ಇಟ್ಕೊಂಡು?"

"ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ತೋರಿಸ್ತೀನಿ. ಗೆರೆ ಇರೋದು ಹೀಗಿರುತ್ತೆ, ಅಳಿಸಿದ್ದು ಹೀಗಿರುತ್ತೆ ಅಂತ. ಒಂದೇ ಗಾಜಿನಲ್ಲಿ ಎರಡೂ ಇಷ್ಟು ಚೆನ್ನಾಗಿ ಬೇರೆ ಯಾರದರಲ್ಲೂ ಇಲ್ಲ."

ಮೇಣದ ಗಟ್ಟಿಯನ್ನು ಅಂಗೈಯಲ್ಲಿ ಇಟ್ಟುಕೊಂಡೆ. ಸಕ್ಕರೆ ಅಚ್ಚಿನಷ್ಟೂ ಭಾರವಿರಲಿಲ್ಲ. ಸ್ವಲ್ಪ ಹೊತ್ತು ಹಿಡಿದುಕೊಂಡೆ. ಆಮೇಲೆ ಡ್ರಾಯರಿನಲ್ಲಿ ವಾಪಸ್ ಇಟ್ಟೆ. ಒಳ್ಳೆ ಮನಸ್ಸಿನಿಂದ ಇಟ್ಟೆ ಅಂತ ಯಾರೂ ತಿಳಿಯಬೇಡಿ. ಸಿಟ್ಟಿನಿಂದಲೇ ಇಟ್ಟೆ. ಒಂದು ಮಾತು ನನಗೆ ಹೇಳಿದ್ದರೆ ಮೊದಲ ಸಲವೇ ಬರುತ್ತಿರಲಿಲ್ಲ. ಮೂವತ್ತಾರು ವರ್ಷ ಜೊತೆಗಿದ್ದವಳಿಗೆ ಹೇಳದ್ದನ್ನು ಒಂದು ಗಂಟೆ ನೋಡಿದವಳಿಗೆ ಹೇಳಿ ಹೋದರು. ಅದು ನನಗೆ ಇನ್ನೂ ಇಳಿದಿಲ್ಲ.

ನೂರಿಪಾ ಚಹಾ ಕೊಟ್ಟಳು. ಕುಡಿಯಲಿಲ್ಲ. ಗಾಡಿಗೆ ಹೊತ್ತಾಗಿತ್ತು.

ನಲವತ್ತನೇ ದಿನ ಊರೆಲ್ಲ ಬಂತು. ಶಾರ್ಶೆನ್ ಪಾಲು ಮಾಡಲು ಕೂತ. ತನ್ನ ಮೊಂಡು ಚಾಕುವಿನಲ್ಲಿ ಮಾಂಸವನ್ನು ಉದ್ದಕ್ಕೆ ಎಳೆಯುತ್ತಿದ್ದ. ನೋಡಲು ಆಗಲಿಲ್ಲ. ನಮ್ಮವರ ಚಾಕು ತಂದು ಅವನ ಕೈಗೆ ಕೊಟ್ಟೆ.

"ಅಡ್ಡ ಕೊಯ್ಯಿ."

"ಗೊತ್ತು ಅತ್ತಿಗೆ."

"ಗೊತ್ತಿದ್ದರೆ ಕೊಯ್ಯಿ."

ದೊಡ್ಡಕ್ಕ ಹೊಸ್ತಿಲ ಆಚೆ, ಕೆಸರಿನಲ್ಲೇ ನಿಂತಿದ್ದಳು. "ತಂದೆಯಾ?" ಅಂದಳು, ಎಲ್ಲರಿಗೂ ಕೇಳುವ ಹಾಗೆ.

"ಇಲ್ಲ."

"ಕೊಡಲಿಲ್ವಾ?"

"ಕೊಟ್ಟರು. ನಾನೇ ಬಿಟ್ಟು ಬಂದೆ. ನಿಮ್ಮ ತಮ್ಮ ಅದನ್ನ ಪಾಲು ಅಂತ ಕೊಟ್ಟುಬಿಟ್ಟಿದಾರೆ."

"ಯಾರಿಗೆ?"

"ಅದನ್ನ ಕೊಯ್ದವಳಿಗೆ."

ದೊಡ್ಡಕ್ಕನ ಮುಖದಲ್ಲಿ ಲೆಕ್ಕ ನಡೆಯಿತು. ಪಾಲಿನ ಕಟ್ಟಳೆ ಅವಳಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಕೊಟ್ಟ ಪಾಲನ್ನು ವಾಪಸ್ ತಾ ಅಂತ ಅವಳ ಬಾಯಿಂದ ಬರುವಂತಿಲ್ಲ.

"ತೊಡೆ," ಅಂದಳು ಕೊನೆಗೆ. "ತೊಡೆ ಗಂಡಸರ ಪಾಲು. ಹೆಂಗಸಿಗೆ ಹೇಗೆ ಕೊಟ್ಟ?"

"ಅದನ್ನ ನಿಮ್ಮ ತಮ್ಮನನ್ನೇ ಕೇಳಿ."

"ನಲವತ್ತು ವರ್ಷದಲ್ಲಿ ತಪ್ಪದೋನು ಕೊನೇಲಿ ತಪ್ಪಿದ ನೋಡು."

"ತಪ್ಪಿಲ್ಲ," ಅಂದೆ. "ಗೊತ್ತಿದ್ದೇ ಕೊಟ್ಟಿದಾರೆ."

ಅವಳು ಒಳಗೆ ಬಂದಳು. ಬೂಟು ಬಿಚ್ಚಿ, ತನ್ನ ಜಾಗದಲ್ಲಿ ಕೂತು, ತನ್ನ ಪಾಲು ತಿಂದಳು. ಮಾಂಸ ಚೆನ್ನಾಗಿ ಕೊಯ್ದಿದೆ ಅಂತ ಶಾರ್ಶೆನ್‌ಗೆ ಹೇಳಿದಳು. ನನ್ನ ಜೊತೆ ಮಾತಾಡಲಿಲ್ಲ. ಈಗಲೂ ಎಲ್ಲಾದರೂ ನಾಲ್ಕು ಜನ ಸೇರಿದರೆ, ನನ್ನ ತಮ್ಮ ಕಡಿಮೆಯಾಗಿ ಹೋದ ಅನ್ನುತ್ತಾಳೆ. ನಾನು ಎದ್ದು ಹೊರಗೆ ಹೋಗುತ್ತೇನೆ. ಅವಳು ಹೇಳುವುದು ಸುಳ್ಳೂ ಅಲ್ಲ.

ಊಟ ಮುಗಿದಮೇಲೆ ಶಾರ್ಶೆನ್ ಚಾಕು ತೊಳೆದು ನೋಡುತ್ತಾ ನಿಂತಿದ್ದ.

"ಇದನ್ನ ನನಗೇ ಕೊಡಬಹುದಲ್ಲ ಅತ್ತಿಗೆ. ನಿಮಗೆ ಏನಕ್ಕೆ?"

"ಕೊಡಲ್ಲ."

ಕೈ ಚಾಚಿ ಇಸಿದುಕೊಂಡೆ.

ಬೆಳಿಗ್ಗೆ ಒಲೆ ಹಚ್ಚಿ, ನೀರು ಕಾಯುವ ಹೊತ್ತಿನಲ್ಲಿ ಕಲ್ಲು ತೆಗೆಯುತ್ತೇನೆ. ನೀರು ಚಿಮುಕಿಸಿ ಚಾಕು ಮಸೆಯುತ್ತೇನೆ. ಹಿಂದಿನ ದಿನ ಯಾರೂ ಅದನ್ನು ಮುಟ್ಟಿರುವುದಿಲ್ಲ, ಹರಿತ ಹೋಗಿರುವುದಿಲ್ಲ. ಅಲಗು ಸವೆದು ಸಣ್ಣಗಾಗುತ್ತಿದೆ. ಈಗ ತುದಿಯನ್ನೇ ಮೊದಲು ಮಸೆಯುತ್ತೇನೆ. ಆಮೇಲೆ ಹೊಟ್ಟೆ. ಒರೆಸಿ, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿ, ಒರೆಗೆ ಹಾಕಿ ಮೊಳೆಗೆ ತಗಲಿಸುತ್ತೇನೆ. ಅಷ್ಟರಲ್ಲಿ ನೀರು ಕುದಿಯುತ್ತದೆ.